ತೂಕ ಇಳಿಯಿತು, ಬೆಲ್ಟಿನ ತೂತು ಬದಲಾಗಲಿಲ್ಲ

ಪ್ರಶ್ನೆ: ನನಗೆ 43 ವರ್ಷ, ಎತ್ತರ 170 ಸೆಂ.ಮೀ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ, ದಿನವಿಡೀ ಕುರ್ಚಿ. ಹದಿನಾಲ್ಕು ತಿಂಗಳ ಹಿಂದೆ 78 ಕೆ.ಜಿ. ಇದ್ದೆ. ರಾತ್ರಿ ಊಟ ಬಿಟ್ಟು ಹಣ್ಣು ತಿಂದು, ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಒಂದು ಗಂಟೆ ನಡೆದು 72ಕ್ಕೆ ಬಂದೆ. ಐದು ತಿಂಗಳಿಂದ ಅಲ್ಲೇ ನಿಂತಿದೆ. ಮುಖ ಇಳಿದಿದೆ, ತೋಳು ಸಣ್ಣಗಾಗಿದೆ, ಹೊಟ್ಟೆ ಮಾತ್ರ ಹಾಗೇ ಇದೆ. ಸೊಂಟದ ಅಳತೆ 96ರಿಂದ 94 ಸೆಂ.ಮೀ.ಗೆ ಬಂದಿದ್ದಷ್ಟೇ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.0 ಇದೆ. ಕಳೆದ ತಿಂಗಳು ಜಿಮ್ ಸೇರಿದೆ. ಅಲ್ಲಿನ ಟ್ರೇನರ್ "ವಾಕಿಂಗ್ ನಿಲ್ಲಿಸಿ ಸಾರ್, ಕಾರ್ಡಿಯೋ ಮಾಡಿದ್ರೆ ಮಸಲ್ ಕರಗೋಗುತ್ತೆ" ಅನ್ನುತ್ತಾರೆ. ಹಾಫ್ ಮ್ಯಾರಥಾನ್ ಓಡುವ ನನ್ನ ಭಾವಮೈದ "ಜಿಮ್ಮೆಲ್ಲ ಶೋಕಿ ಭಾವ, ಓಡಿ, ಹೊಟ್ಟೆ ತಾನಾಗೇ ಹೋಗುತ್ತೆ" ಅನ್ನುತ್ತಾನೆ. ಮನೆಯಾಕೆಗೆ ನಾನು ಜಿಮ್ಮಿಗೆ ಹೋಗುವುದೆಂದರೆ ಭಯ; ತಾನು ತೂಕ ಎತ್ತಿದರೆ ಗಂಡಸಿನ ಹಾಗಾಗುತ್ತೇನೆ ಎಂಬುದು ಬೇರೆ. ಎರಡನ್ನೂ ಸೇರಿಸಿ ಮಾಡಬಹುದೇ? ಹೇಗೆ? ನಾವು ಸಸ್ಯಾಹಾರಿಗಳು.

ಉತ್ತರ: ನೀವು ಬರೆದಿರುವ ಅಂಕಿಗಳೆಲ್ಲದರ ನಡುವೆ ನನ್ನನ್ನು ತಡೆದು ನಿಲ್ಲಿಸಿದ್ದು ‘ತೋಳು ಸಣ್ಣಗಾಗಿದೆ’ ಎಂಬ ಎರಡೇ ಪದ. ಉಳಿದ ಉತ್ತರವೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಎರಡನ್ನೂ ಸೇರಿಸಿ ಮಾಡಬಹುದು. ನಿಮ್ಮ ಮೈಗಂತೂ ಸೇರಿಸಿಯೇ ಮಾಡಬೇಕು. ಟ್ರೇನರ್ ಮಾತಿನಲ್ಲಿ ಒಂದೆಳೆ ನಿಜವಿದೆ, ಭಾವಮೈದನ ಮಾತಿನಲ್ಲಿ ಅರ್ಧ ಎಳೆ. ಇಬ್ಬರೂ ತಮ್ಮ ಅಳತೆಗೆ ಹೊಲಿಸಿದ ಅಂಗಿಯನ್ನು ನಿಮಗೆ ತೊಡಿಸಲು ನೋಡುತ್ತಿದ್ದಾರೆ, ಅಷ್ಟೇ.

ಮೊದಲು ಆ ಆರು ಕಿಲೋ ಎಲ್ಲಿಂದ ಹೋಯಿತು ಎಂದು ನೋಡೋಣ. ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬಲ್ಲದ್ದು ಎಂಬುದು ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿರುವ ಒರಟು ಲೆಕ್ಕ. ಆ ಪ್ರಕಾರ ನಿಮ್ಮಿಂದ ಒಂದೂವರೆ ಕಿಲೋದಷ್ಟು ಸ್ನಾಯು ಮತ್ತು ಅದರೊಳಗಿನ ನೀರು ಹೋಗಿರಬೇಕು. ನೀವು ರಾತ್ರಿ ಊಟ ಬಿಟ್ಟಿರಿ. ಬಿಟ್ಟಿದ್ದು ಅನ್ನ ಎಂದು ನಿಮ್ಮ ಲೆಕ್ಕ, ಆದರೆ ಅನ್ನದ ಜೊತೆ ಬೇಳೆ ಸಾರು, ಪಲ್ಯ, ಮೊಸರು ಎಲ್ಲವೂ ಎದ್ದು ಹೋಗಿವೆ. ಎರಡು ಬಾಳೆಹಣ್ಣು ಆ ಜಾಗ ತುಂಬುವುದಿಲ್ಲ. ಹಾಗಾಗಿ ಕಾಲು ಭಾಗಕ್ಕಿಂತ ಹೆಚ್ಚೇ ಹೋಗಿದ್ದರೂ ನನಗೆ ಆಶ್ಚರ್ಯವಿಲ್ಲ. ತಕ್ಕಡಿಗೆ ಕೊಬ್ಬು ಯಾವುದು, ಸ್ನಾಯು ಯಾವುದು ಗೊತ್ತಾಗುವುದಿಲ್ಲ. ನಿಮ್ಮ ಅಂಗಿಯ ತೋಳಿಗೆ ಗೊತ್ತಾಗಿದೆ.

ಇದು ನಿಮ್ಮೊಬ್ಬರ ಕತೆಯೂ ಅಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಾವಿಬ್ಬರೂ ಒಟ್ಟಿಗಿರುವ ಒಂದು ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬಿನ ಪಾಲು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು; ಕೈಕಾಲು ಕಡ್ಡಿ, ನಡುವೆ ಗುಡಾಣ. ನಮ್ಮ ಕಡೆ ಮದುವೆಮನೆಯ ಪಂಕ್ತಿಯಲ್ಲಿ ಒಂದು ಸುತ್ತು ಕಣ್ಣಾಡಿಸಿದರೆ ಇಂಥ ಹತ್ತು ಜನ ಸಿಗುತ್ತಾರೆ. ನಮ್ಮವರಿಗೆ ಬಿಎಂಐ ಗಡಿಯನ್ನು 25ರಿಂದ 23ಕ್ಕೆ ಇಳಿಸಿರುವುದು, ಗಂಡಸರ ಸೊಂಟಕ್ಕೆ 90, ಹೆಂಗಸರ ಸೊಂಟಕ್ಕೆ 80 ಸೆಂ.ಮೀ. ಎಂದು ಗೆರೆ ಎಳೆದಿರುವುದು ಇದೇ ಕಾರಣಕ್ಕೆ. ನಿಮ್ಮ ಬಿಎಂಐ ಈಗ 24.9. ಹೊರದೇಶದ ಪಟ್ಟಿಯಲ್ಲಿ ಕೂದಲೆಳೆಯಲ್ಲಿ ಪಾಸು, ನಮ್ಮ ಪಟ್ಟಿಯಲ್ಲಿ ಫೇಲು.

ನೀವು ಇನ್ನೂ ಆರು ಕಿಲೋ ಇದೇ ದಾರಿಯಲ್ಲಿ ಇಳಿಸಿದರೆ 66 ಕಿಲೋದ, ಇನ್ನೂ ಸಣ್ಣ ತೋಳಿನ, ಬಹುಶಃ 91 ಸೆಂ.ಮೀ. ಸೊಂಟದ ಮನುಷ್ಯರಾಗುತ್ತೀರಿ. ಅದು ಬೇಡ. ನಿಮ್ಮ ಗುರಿ ತೂಕವಲ್ಲ, ಆ ತೂಕದೊಳಗೆ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬ ಪಾಲು. 70 ಕಿಲೋಗೆ ಬಂದು ಸೊಂಟ 86 ಆದರೆ ಗೆದ್ದಿರಿ. 72ರಲ್ಲೇ ಇದ್ದು 87 ಆದರೂ ಗೆದ್ದಿರಿ.

ಈಗ ಟ್ರೇನರ್ ಮಾತಿಗೆ ಬರುತ್ತೇನೆ. ಕಾರ್ಡಿಯೋ ಅಂದರೆ ನಡಿಗೆ, ಓಟ, ಸೈಕಲ್ಲಿನಂಥ ದಮ್ಮಿನ ವ್ಯಾಯಾಮ. ‘ಕಾರ್ಡಿಯೋ ಮಾಡಿದರೆ ಮಸಲ್ ಕರಗುತ್ತದೆ’ ಎಂಬ ಮಾತಿಗೆ ಒಬ್ಬ ತಾತ ಇದ್ದಾನೆ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಎಂಬ ವಿಜ್ಞಾನಿ ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಭಾರ, ಒಂದಕ್ಕೆ ಬರೀ ಓಟ ಮತ್ತು ಸೈಕಲ್, ಇನ್ನೊಂದಕ್ಕೆ ಎರಡೂ. ಹತ್ತು ವಾರ ನಡೆಯಿತು. ಎರಡೂ ಮಾಡಿದವರ ಕಾಲಿನ ಬಲ ಆರೇಳು ವಾರದವರೆಗೆ ಭಾರ ಎತ್ತಿದವರ ಜೊತೆಜೊತೆಗೇ ಏರಿ, ಆಮೇಲೆ ನಿಂತು, ಕೊನೆಯ ಎರಡು ವಾರ ಇಳಿಯಿತು. ದಮ್ಮು ಮಾತ್ರ ಬರೀ ಓಡಿದವರಷ್ಟೇ ಚೆನ್ನಾಗಿ ಬೆಳೆದಿತ್ತು. ಓಟ ಬಲಕ್ಕೆ ಅಡ್ಡ ಬರುತ್ತದೆ ಎಂಬ ಮಾತು ಅಲ್ಲಿಂದ ಹೊರಟು, ನಾಲ್ಕು ದಶಕ ಜಿಮ್ಮಿನಿಂದ ಜಿಮ್ಮಿಗೆ ಹಾರಿ, ನಿಮ್ಮ ಟ್ರೇನರ್ ಬಾಯಿಗೆ ಬಂದು ಕೂತಿದೆ.

ಆದರೆ ಆ ಗುಂಪು ಮಾಡಿದ್ದೇನು ಗೊತ್ತೇ? ವಾರಕ್ಕೆ ಐದು ದಿನ ಕಾಲಿಗೆ ಭಾರೀ ತೂಕ. ಅದರ ಮೇಲೆ ವಾರಕ್ಕೆ ಆರು ದಿನ ಏದುಸಿರಿನ ವ್ಯಾಯಾಮ: ಮೂರು ದಿನ ಶಕ್ತಿಯ ತುದಿ ಮುಟ್ಟುವಂತೆ ಸೈಕಲ್, ಮೂರು ದಿನ ಅರ್ಧ ಗಂಟೆಗೂ ಮೀರಿ ಸಾಧ್ಯವಾದಷ್ಟು ಜೋರಾಗಿ ಓಟ. ಬ್ಯಾಂಕಿನ ಕೆಲಸ ಬಿಟ್ಟು ಅದನ್ನೇ ಕಾಯಕ ಮಾಡಿಕೊಂಡರೂ ನೀವು ಅಷ್ಟು ಮಾಡಲಾರಿರಿ. ಆಮೇಲೆ ಬಂದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆ ಏನು ಹೇಳಿತೆಂದರೆ, ಎರಡನ್ನೂ ಸೇರಿಸಿ ಮಾಡಿದರೂ ಸ್ನಾಯು ಬೆಳೆಯುವುದಕ್ಕಾಗಲಿ ಗರಿಷ್ಠ ಬಲಕ್ಕಾಗಲಿ ಧಕ್ಕೆ ಕಾಣುವುದಿಲ್ಲ. ಏಟು ಬೀಳುವುದು ಜಿಗಿತ, ಚಿಮ್ಮುವಿಕೆಯಂಥ ಸಿಡಿಯುವ ಶಕ್ತಿಗೆ, ಅದೂ ಸ್ವಲ್ಪ. ನೀವು ಹೈಜಂಪ್ ಸ್ಪರ್ಧೆಗೆ ಹೋಗುತ್ತಿಲ್ಲ ಎಂದುಕೊಂಡಿದ್ದೇನೆ. ಓಟಕ್ಕೆ ಹೋಲಿಸಿದರೆ ಸೈಕಲ್ ತುಳಿಯುವುದು ಇನ್ನೂ ಕಡಿಮೆ ಅಡ್ಡ ಬರುತ್ತದೆ ಎಂದು 2012ರ ಇನ್ನೊಂದು ವಿಶ್ಲೇಷಣೆ ಹೇಳಿತ್ತು. ಕೆರೆ ಏರಿಯ ನಡಿಗೆಯಂತೂ ಲೆಕ್ಕಕ್ಕೇ ಬಾರದು. ಟ್ರೇನರ್ ಮಾತಿನಲ್ಲಿ ನಿಜವಾದ ಎಳೆ ಎಂದೆನಲ್ಲ, ಅದು ಹೊಟ್ಟೆಗಿಲ್ಲದೆ ಬಹಳ ಓಡಿದರೆ ಸ್ನಾಯು ಹೋಗುತ್ತದೆ ಎಂಬುದು. ಕಳ್ಳ ಓಟವಲ್ಲ, ಖಾಲಿ ತಟ್ಟೆ.

ಭಾವಮೈದನಿಗೆ ಉತ್ತರ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದೆ. ತೂಕ ಹೆಚ್ಚಿದ್ದ ಜನರನ್ನು ಅಲ್ಲಿ ಎಂಟು ತಿಂಗಳು ಮೂರು ಗುಂಪಾಗಿ ವ್ಯಾಯಾಮಕ್ಕೆ ಹಚ್ಚಿದರು. ಫಲಿತಾಂಶ 2012ರಲ್ಲಿ ಬಂತು. ಬರೀ ಏರೋಬಿಕ್, ಅಂದರೆ ಕಾರ್ಡಿಯೋ, ಮಾಡಿದವರಲ್ಲಿ ಕೊಬ್ಬು ಸುಮಾರು 1.7 ಕಿಲೋ ಇಳಿಯಿತು, ಸ್ನಾಯು ಹೆಚ್ಚಲಿಲ್ಲ. ಬರೀ ಭಾರ ಎತ್ತಿದವರಲ್ಲಿ ಕೊಬ್ಬು ಹೆಚ್ಚೇನೂ ಅಲುಗಲಿಲ್ಲ, ಕೊಬ್ಬಲ್ಲದ ತೂಕ ಒಂದು ಕಿಲೋ ಏರಿತು. ಎರಡೂ ಮಾಡಿದವರಲ್ಲಿ ಕೊಬ್ಬು 2.4 ಕಿಲೋ ಇಳಿದು, ಕೊಬ್ಬಲ್ಲದ್ದು 0.8 ಕಿಲೋ ಏರಿತು. ತಕ್ಕಡಿಯ ಮೇಲೆ ನಿಂತರೆ ಮೊದಲ ಗುಂಪಿಗೂ ಮೂರನೆಯದಕ್ಕೂ ವ್ಯತ್ಯಾಸವೇ ಕಾಣದು. ಅಂಗಿ ಬಿಚ್ಚಿದರೆ ಕಾಣುತ್ತದೆ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಎಂಟು ತಿಂಗಳು ಬೆವರು ಸುರಿಸಿ ಹೋಗಿದ್ದು ಎರಡೂವರೆ ಕಿಲೋ ಕೊಬ್ಬು. ಅವರಿಗೆ ಊಟ ಬದಲಿಸಲು ಹೇಳಿರಲಿಲ್ಲ. ನಿಮ್ಮ ಒಂದು ಗಂಟೆಯ ನಡಿಗೆ, ಸುಮ್ಮನೆ ಕೂತಿದ್ದರೆ ಖರ್ಚಾಗುತ್ತಿದ್ದುದನ್ನು ಕಳೆದರೆ, ಇನ್ನೂರು ಕ್ಯಾಲೊರಿ ಆಸುಪಾಸು. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಆ ಲೆಕ್ಕ ಚುಕ್ತಾ ಆಗಿ ಮೇಲೊಂದಿಷ್ಟು ಸಾಲ. ಬೆಳಿಗ್ಗೆ ಕೆರೆಯ ಬಳಿಯ ಹೋಟೆಲುಗಳು ತುಂಬಿರುವುದನ್ನು ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ದೋಸೆ ಬಿಡಿ ಅನ್ನಲಾರೆ, ಮೈಸೂರಿನವರಿಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ. ಭಾನುವಾರಕ್ಕೆ ಇಟ್ಟುಕೊಳ್ಳಿ.

ಡ್ಯೂಕ್ ಅಧ್ಯಯನಕ್ಕೆ ಒಂದು ತಕರಾರು ಇದೆ: ಎರಡೂ ಮಾಡಿದ ಗುಂಪು ಸಮಯವನ್ನೂ ಇಮ್ಮಡಿ ಕೊಟ್ಟಿತ್ತು. ಹಾಗಾಗಿ ಗೆದ್ದರು ಎನ್ನಬಹುದು. ಆ ತಕರಾರಿಗೆ ಉತ್ತರ 2010ರಲ್ಲೇ ಲೂಸಿಯಾನಾದಿಂದ ಬಂದಿತ್ತು. ಸಕ್ಕರೆ ಕಾಯಿಲೆಯ 262 ಜನರನ್ನು ಒಂಬತ್ತು ತಿಂಗಳು ನೋಡಿದರು. ವ್ಯಾಯಾಮದ ಗುಂಪುಗಳಿಗೆ ಕೊಟ್ಟ ಸಮಯ ಹೆಚ್ಚುಕಡಿಮೆ ಒಂದೇ. ಅದನ್ನು ಹೇಗೆ ಹಂಚಿದರು ಎಂಬುದಷ್ಟೇ ಬೇರೆ. ಏನೂ ಮಾಡದವರಿಗೆ ಹೋಲಿಸಿದಾಗ ಎಚ್‌ಬಿಎ1ಸಿ ಗಣನೀಯವಾಗಿ ಇಳಿದಿದ್ದು ಎರಡನ್ನೂ ಬೆರೆಸಿದ ಗುಂಪಿನಲ್ಲಿ ಮಾತ್ರ. ನಿಮ್ಮ 6.0 ಇನ್ನೂ ಕಾಯಿಲೆಯಲ್ಲ, ಅದರ ಹೊಸಿಲು. ನಾನು ನಿಮ್ಮ ಹೊಟ್ಟೆಗಿಂತ ಈ ಅಂಕಿಗೇ ಹೆಚ್ಚು ತಲೆ ಕೆಡಿಸಿಕೊಳ್ಳುತ್ತೇನೆ.

ಸ್ನಾಯುವಿನ ಬಗ್ಗೆ ಜಿಮ್ಮುಗಳಲ್ಲಿ ಇನ್ನೊಂದು ಮಾತು ಕೇಳಿರುತ್ತೀರಿ: ಮಸಲ್ ಬಂದರೆ ಮಲಗಿದ್ದಾಗಲೂ ಕೊಬ್ಬು ಉರಿಯುತ್ತದೆ ಎಂದು. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಉರಿಸುವುದು ಸುಮಾರು 13 ಕ್ಯಾಲೊರಿ. ವರ್ಷ ಪೂರ್ತಿ ಕಷ್ಟಪಟ್ಟು ಎರಡು ಕಿಲೋ ಬೆಳೆಸಿದರೆ ದಿನಕ್ಕೆ ಒಂದು ಮಾರಿ ಬಿಸ್ಕತ್ತು ಲಾಭ. ಅದಕ್ಕೋಸ್ಕರ ಯಾರೂ ಸ್ನಾಯು ಬೆಳೆಸಬೇಕಿಲ್ಲ. ಸ್ನಾಯುವಿನ ನಿಜವಾದ ಉಪಕಾರ ಬೇರೆ. ಉಂಡ ಅನ್ನ, ಮುದ್ದೆ ಸಕ್ಕರೆಯಾಗಿ ರಕ್ತಕ್ಕೆ ಇಳಿದಾಗ ಅದನ್ನು ತುಂಬಿಡುವ ಅತಿದೊಡ್ಡ ಕಣಜ ಅದು. ಪಿತ್ತಜನಕಾಂಗದಲ್ಲಿ ನೂರು ಗ್ರಾಂ ಹಿಡಿದರೆ, ಮೈಯ ಸ್ನಾಯುಗಳಲ್ಲಿ ನಾನೂರು ಗ್ರಾಂ ಆಸುಪಾಸು ಹಿಡಿಯುತ್ತದೆ. ಭಾರ ಎತ್ತಿದರೆ ಕಣಜ ದೊಡ್ಡದಾಗುತ್ತದೆ. ನಡೆದರೆ, ತುಳಿದರೆ, ಹತ್ತಿದರೆ ಕಣಜ ಖಾಲಿಯಾಗಿ ಮುಂದಿನ ಊಟಕ್ಕೆ ಜಾಗವಾಗುತ್ತದೆ. ನೀವು ಹದಿನಾಲ್ಕು ತಿಂಗಳಿಂದ ಕಣಜ ಖಾಲಿ ಮಾಡುತ್ತಾ ಬಂದಿರಿ, ಅದೇ ಹೊತ್ತಿಗೆ ಅದರ ಗೋಡೆಯೂ ಕುಗ್ಗುತ್ತಾ ಬಂತು.

ನಮ್ಮ ಗರಡಿಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಂಡ, ಬಸ್ಕಿ, ಗದೆ ತಿರುಗಿಸುವುದು ಒಂದು ಕಡೆ. ಮಟ್ಟಿಯಲ್ಲಿ ದಮ್ಮು ಕಟ್ಟಿ ಪಟ್ಟು ಹಿಡಿಯುವುದು ಇನ್ನೊಂದು ಕಡೆ. ಎರಡೂ ಒಂದೇ ಬೆಳಗಿನಲ್ಲಿ. ಇದು ಕಾರ್ಡಿಯೋ, ಇದು ಸ್ಟ್ರೆಂತ್ ಎಂದು ಯಾವ ಉಸ್ತಾದರೂ ಬೇರೆ ಮಾಡಿದ್ದನ್ನು ನಾನು ಕಾಣೆ.

ಇನ್ನು ಹೇಗೆ ಎಂಬ ಪ್ರಶ್ನೆ. ನೀವೀಗ ವಾರಕ್ಕೆ ಏಳು ಗಂಟೆ ನಡೆಯುತ್ತಿದ್ದೀರಿ. ನಾನು ಕೇಳುತ್ತಿರುವುದು ಅದಕ್ಕಿಂತ ಕಡಿಮೆ.

ಸೋಮವಾರ, ಗುರುವಾರ, ಶನಿವಾರ ಜಿಮ್, ಮುಕ್ಕಾಲು ಗಂಟೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ತೋಳು ಎಂದು ಟ್ರೇನರ್ ಚೀಟಿ ಬರೆದುಕೊಟ್ಟಿರಬಹುದು. ಅದು ವಾರಕ್ಕೆ ಆರು ದಿನ ಬರುವ ಇಪ್ಪತ್ತೆರಡರ ಹುಡುಗರಿಗೆ ಸರಿ. ನಿಮಗೆ ತಿಂಗಳ ಕೊನೆಯ ಕ್ಲೋಸಿಂಗ್ ಇರುತ್ತದೆ, ಮಗುವಿನ ಜ್ವರ ಇರುತ್ತದೆ. ಕಾಲಿನ ದಿನ ತಪ್ಪಿದರೆ ಆ ವಾರ ಕಾಲಿಗೆ ಏನೂ ಇಲ್ಲ. ಅದಕ್ಕೇ ಮೂರು ದಿನವೂ ಇಡೀ ಮೈಗೆ ಕೆಲಸ ಕೊಡಿ. ಕಾಲಿಗೆ ಡಂಬೆಲ್ ಎದೆಗೊತ್ತಿ ಹಿಡಿದು ಸ್ಕ್ವಾಟ್. ತೊಡೆಯ ಹಿಂಭಾಗಕ್ಕೆ, ಸೊಂಟಕ್ಕೆ ಹಗುರ ತೂಕವನ್ನು ಸೊಂಟದಿಂದ ಬಾಗಿ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ತಳ್ಳುವುದಕ್ಕೆ ಬೆಂಚ್ ಪ್ರೆಸ್ ಅಥವಾ ಪುಷ್‌ಅಪ್. ಎಳೆಯುವುದಕ್ಕೆ ಪುಲ್‌ಡೌನ್, ರೋಯಿಂಗ್. ಕೊನೆಗೆ ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು, ಊರಲ್ಲಿ ಎರಡು ಕೊಡ ನೀರು ತಂದ ಹಾಗೆ. ಪ್ರತಿಯೊಂದಕ್ಕೂ ಮೂರು ಸೆಟ್, ಒಂದೊಂದು ಸೆಟ್ಟಿಗೆ ಎಂಟರಿಂದ ಹನ್ನೆರಡು ಸಲ. ಹೊಟ್ಟೆಯ ವ್ಯಾಯಾಮ ಬೇಕಿದ್ದರೆ ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಒಂದು ನಿಮಿಷ. ಕ್ರಂಚ್ ನೂರು ಹೊಡೆದರೂ ಹೊಟ್ಟೆಯ ಮೇಲಿನ ಕೊಬ್ಬನ್ನೇ ಆರಿಸಿ ತೆಗೆಯುವುದಿಲ್ಲ. ಸೊಂಟಕ್ಕೆ ಕಟ್ಟುವ ಬೆವರಿನ ಬೆಲ್ಟು ತೆಗೆಯುವುದು ನೀರನ್ನು, ಜೇಬಿನಿಂದ ದುಡ್ಡನ್ನು.

ಭಾರ ಎಷ್ಟಿರಬೇಕು? ಹತ್ತು ಸಲ ಎತ್ತಿ ನಿಲ್ಲಿಸಿದಾಗ ‘ಇನ್ನೆರಡು ಎತ್ತಬಹುದಿತ್ತು’ ಅನ್ನಿಸುವಷ್ಟು. ‘ಇನ್ನೂ ಹತ್ತು ಎತ್ತಬಹುದಿತ್ತು’ ಅನ್ನಿಸಿದರೆ ಅದು ಹಾಜರಿ ಹಾಕಿದ್ದು, ವ್ಯಾಯಾಮವಲ್ಲ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾಂಕ, ಕಿಲೋ, ಸಲ ಬರೆದಿಡಿ. ಮೂರೂ ಸೆಟ್ಟಿನಲ್ಲಿ ಹನ್ನೆರಡು ಸಲ ಸುಲಭವಾದ ದಿನ ಒಂದೆರಡು ಕಿಲೋ ಏರಿಸಿ. ನಾಲ್ಕು ವಾರ ಅದೇ ಅಂಕಿ ಇದ್ದರೆ ಏನೋ ತಪ್ಪಿದೆ. ಪಾಸ್‌ಬುಕ್ ಓದುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಜಿಮ್ಮಿನ ದಿನವೇ ನಡೆಯಲೂ ಮನಸ್ಸಾದರೆ ಭಾರ ಮೊದಲು, ನಡಿಗೆ ಆಮೇಲೆ. ಮೊದಲೇ ಟ್ರೆಡ್‌ಮಿಲ್ ಮೇಲೆ ನಲವತ್ತು ನಿಮಿಷ ದಣಿದು ಬಂದರೆ ಸ್ಕ್ವಾಟಿಗೆ ಉಳಿಯುವುದು ಚೂರುಪಾರು ಕಸುವು. ಕಾಲಿನ ಬಲ ಬೆಳೆಯುವುದೂ ಅಷ್ಟಕ್ಕಷ್ಟೆ.

ಮಂಗಳ, ಬುಧ, ಶುಕ್ರವಾರ ಕೆರೆ. ಆದರೆ ಈಗಿನ ಹಾಗಲ್ಲ. ಹದಿನಾಲ್ಕು ತಿಂಗಳು ಒಂದೇ ವೇಗದಲ್ಲಿ, ಒಂದೇ ಸುತ್ತು, ಅದೇ ಗೆಳೆಯರ ಜೊತೆ ಅದೇ ರಾಜಕೀಯ ಮಾತಾಡುತ್ತಾ ನಡೆದ ಮೈಗೆ ಅದು ಈಗ ಕೆಲಸವೇ ಅಲ್ಲ. ಜಪಾನಿನ ಶಿನ್ಶು ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಒಂದು ಸರಳ ವಿಧಾನ ನನಗೆ ಬಹಳ ಇಷ್ಟ: ಮೂರು ನಿಮಿಷ ಜೋರು ನಡಿಗೆ, ಮೂರು ನಿಮಿಷ ನಿಧಾನ, ಹೀಗೆ ಐದು ಸಲ. ಜೋರು ಅಂದರೆ ಉಸಿರಿನ ನಡುವೆ ಎರಡು ಮೂರು ಪದವಷ್ಟೇ ಹೊರಡಬೇಕು. ಅವರಲ್ಲಿ ಐದು ತಿಂಗಳು ಹೀಗೆ ನಡೆದ ನಡುವಯಸ್ಸಿನವರ, ವಯಸ್ಸಾದವರ ತೊಡೆಯ ಬಲ ಹೆಚ್ಚಿತು, ದಮ್ಮು ಹೆಚ್ಚಿತು, ರಕ್ತದೊತ್ತಡ ಇಳಿಯಿತು. ಒಂದೇ ಹದದಲ್ಲಿ ನಡೆದವರಿಗೆ ಅಷ್ಟು ಫಲ ಸಿಗಲಿಲ್ಲ. ಅರ್ಧ ಗಂಟೆ ಇದು, ಹಿಂದೆ ಮುಂದೆ ಐದೈದು ನಿಮಿಷ ಸಾಧಾರಣ ನಡಿಗೆ. ಗೆಳೆಯರು ಹಿಂದೆ ಬೀಳುತ್ತಾರೆ. ಬೀಳಲಿ.

ಭಾನುವಾರ ವಿಶ್ರಾಂತಿ. ಎರಡು ವಾರಕ್ಕೊಮ್ಮೆ ಬೇಕಿದ್ದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಮೆಟ್ಟಿಲು ಹತ್ತುವುದರಲ್ಲಿ ಈ ಪತ್ರದ ಎರಡೂ ಪಾಲು ಇವೆ, ನಂದಿಯ ಹತ್ತಿರ ಬರುವಷ್ಟರಲ್ಲಿ ತೊಡೆ, ಎದೆ ಎರಡೂ ಒಟ್ಟಿಗೆ ದೂರು ಹೇಳುತ್ತವೆ. ಆದರೆ ಒಂದು ಮಾತು: ಹತ್ತಿದ ಮೇಲೆ ದೇವಿಗೆ ಕೈಮುಗಿದು ಬಸ್ಸಿನಲ್ಲಿ ಇಳಿಯಿರಿ. ಮೆಟ್ಟಿಲು ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಾ ಭಾರ ತಡೆಯಬೇಕು. ಮೈ ಮುರಿಯುವ ನೋವು ಬರುವುದು ಅಲ್ಲಿಂದಲೇ. ಭಾನುವಾರ ನಡೆದು ಇಳಿದವರು ಸೋಮವಾರ ಸ್ಕ್ವಾಟ್ ಇರಲಿ, ಕಮೋಡಿನ ಮೇಲೆ ಕೂರುವಾಗಲೂ ಗೋಡೆ ಹಿಡಿಯುವುದನ್ನು ನೋಡಿದ್ದೇನೆ. ನಾನೂ ಹಿಡಿದಿದ್ದೇನೆ.

ಮನೆಯವರ ಭಯದ ಬಗ್ಗೆ. ಆ ಭಯ ಎಲ್ಲಿಂದ ಬಂತೆಂದು ಕನ್ನಡದವರಾರಿಗೂ ಬಿಡಿಸಿ ಹೇಳಬೇಕಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಸ್ತಂಭನದಿಂದ ಹೋದಾಗ ಎಷ್ಟೋ ಮನೆಗಳಲ್ಲಿ ಜಿಮ್ ಎಂಬ ಪದವೇ ಅಪಶಕುನವಾಯಿತು. ಒಬ್ಬರ ಸಾವಿಗೆ ವ್ಯಾಯಾಮವೇ ಕಾರಣ ಎಂದು ಹೊರಗೆ ನಿಂತವರು ಹೇಳುವುದು ತಪ್ಪು, ಆ ಮಾತು ನಾನು ಆಡುವುದಿಲ್ಲ. ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ಅಮೆರಿಕದಲ್ಲಿ ಹೃದಯಾಘಾತವಾದ ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜೋರಾಗಿ ಮೈದಣಿಸಿದ ಮರುಗಂಟೆಯಲ್ಲಿ ಹೃದಯಾಘಾತದ ಸಂಭವ, ವಾರಕ್ಕೊಮ್ಮೆಯೂ ಬೆವರದವರಲ್ಲಿ ನೂರು ಪಟ್ಟಿಗೂ ಮಿಕ್ಕಿ ಏರಿತ್ತು; ವಾರಕ್ಕೆ ಐದು ದಿನ ಅಥವಾ ಹೆಚ್ಚು ಮಾಡುವವರಲ್ಲಿ ಏರಿದ್ದು 2.4 ಪಟ್ಟು. ಯಾವುದೇ ಒಂದು ಗಂಟೆಯಲ್ಲಿ ಆ ಸಂಭವ ಮೂಲದಲ್ಲೇ ಬಹಳ ಸಣ್ಣದು ಎಂಬುದನ್ನೂ ಮರೆಯಬಾರದು. ಅಪಾಯ ಇರುವುದು ಅಭ್ಯಾಸವಿಲ್ಲದೆ ಏಕಾಏಕಿ ಮೈಮೇಲೆ ಬೀಳುವುದರಲ್ಲಿ. ನೀವು ವರ್ಷಕ್ಕೂ ಮೀರಿ ನಡೆದವರು, ಪೂರ್ತಿ ಅಭ್ಯಾಸವಿಲ್ಲದವರಲ್ಲ.

ಆದರೂ 43 ವಯಸ್ಸು, ಸಕ್ಕರೆಯ ಹೊಸಿಲು, ಹೊಟ್ಟೆಯ ಕೊಬ್ಬು ಮೂರೂ ಇರುವುದರಿಂದ ಭಾರ ಏರಿಸುವ ಮುನ್ನ ನಿಮ್ಮ ವೈದ್ಯರನ್ನು ಕಂಡು ಬಿ.ಪಿ., ಇಸಿಜಿ, ಕೊಲೆಸ್ಟರಾಲ್ ನೋಡಿಸಿ. ತಂದೆಗೋ ಅಣ್ಣನಿಗೋ ಸಣ್ಣ ವಯಸ್ಸಿನಲ್ಲೇ ಹೃದಯದ ತೊಂದರೆ ಆಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ. ಎದೆ ಹಿಂಡಿದ ಹಾಗೆ, ದವಡೆಗೋ ಎಡತೋಳಿಗೋ ನೋವು ಹರಿದ ಹಾಗೆ, ಎಂದೂ ಇಲ್ಲದ ಉಬ್ಬಸ ಬಂದ ಹಾಗೆ ಆದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ನಮ್ಮವರಲ್ಲಿ ಎಷ್ಟು ಜನ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಕೂತು ಹೊತ್ತು ಕಳೆದಿದ್ದಾರೋ.

ಊಟದಲ್ಲಿ ನಾನು ಹಿಡಿಯುವುದು ಒಂದೇ ಅಂಶ, ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಪ್ರಮಾಣ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ನಿಮಗೆ 60 ಗ್ರಾಂ. ಅದು ಆರೋಗ್ಯವಂತ ಮೈ ಕೊರತೆ ಇಲ್ಲದೆ ನಡೆಯಲು. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಲಾಭ ಏರುತ್ತಾ ಹೋಗಿ ಸುಮಾರು 1.6 ಗ್ರಾಂ ಬಳಿ ನಿಲ್ಲುತ್ತದೆ. ನಿಮಗೆ 85ರಿಂದ 95 ಗ್ರಾಂ ಸಾಕು ಎನ್ನುತ್ತೇನೆ. ಸಸ್ಯಾಹಾರದಲ್ಲಿ ಅದು ಆಗುತ್ತದೆಯೇ? ಲೆಕ್ಕ ಹಾಕೋಣ. ಬೆಳಿಗ್ಗೆ ಒಣಗಿದ್ದಾಗ 40 ಗ್ರಾಂ ತೂಗುವ ಹೆಸರುಕಾಳಿನ ಉಸಲಿ, 9 ಗ್ರಾಂ. ಒಂದು ದೊಡ್ಡ ಲೋಟ ಹಾಲು, 8. ಮಧ್ಯಾಹ್ನ ಮುದ್ದೆ ಅಥವಾ ಅನ್ನದಿಂದ 7, ಬೇಳೆ ತಳದಲ್ಲಿ ನಿಲ್ಲುವಂಥ ಗಟ್ಟಿ ಸಾರಿನಿಂದ 9, ಒಂದು ಬಟ್ಟಲು ಮೊಸರಿನಿಂದ 6. ಸಂಜೆ ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಕಾಯಿ, 7. ರಾತ್ರಿ ಎರಡು ಚಪಾತಿ, 30 ಗ್ರಾಂ ಸೋಯಾ ಚಂಕ್ಸ್ ಅಥವಾ 80 ಗ್ರಾಂ ಪನೀರ್ ಹಾಕಿದ ಪಲ್ಯ, ಎರಡೂ ಸೇರಿ 21. ಒಟ್ಟು 67. ಉಳಿದಿದ್ದಕ್ಕೆ ಡಬ್ಬಿಯ ಜೊತೆ ಬರುವ ಅಳತೆ ಚಮಚೆಯಲ್ಲಿ ಒಂದು ಸಲ ವೇ ಪ್ರೋಟೀನ್ ಪುಡಿ, 22ರಿಂದ 24 ಗ್ರಾಂ. ಅದು ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದದ್ದು, ಸ್ಟೀರಾಯ್ಡ್ ಅಲ್ಲ. ಮನೆಯಲ್ಲಿ ಯಾರಾದರೂ ಕೇಳಿದರೆ ಹಾಗೇ ಹೇಳಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ನಡೆಯದು, ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಗಮನಿಸಿ, ರಾತ್ರಿ ಊಟವನ್ನು ನಾನು ವಾಪಸ್ ತಂದಿದ್ದೇನೆ. ಕಡಿಮೆ ಮಾಡಬೇಕಾದದ್ದು ಮಧ್ಯಾಹ್ನದ ಎರಡನೇ ಸುತ್ತಿನ ಅನ್ನ, ಬ್ಯಾಂಕಿಗೆ ಬರುವ ನಾಲ್ಕು ಸಲದ ಸಕ್ಕರೆ ಹಾಕಿದ ಟೀ ಮತ್ತು ಅದರ ಜೊತೆಗಿನ ಬೋಂಡ.

ಪ್ರೋಟೀನಿನ ತೂಕ ಎಷ್ಟೆಂದು ತೋರಿಸಲು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ 2016ರ ಒಂದು ಪ್ರಯೋಗ ಸಾಕು. ತರುಣರಿಗೆ ನಾಲ್ಕು ವಾರ ಊಟ ಶೇ 40ರಷ್ಟು ಕಡಿತ, ಜೊತೆಗೆ ಭಾರ, ಏದುಸಿರಿನ ಕಾರ್ಡಿಯೋ ಎರಡೂ. ಕಿಲೋಗೆ 1.2 ಗ್ರಾಂ ಪ್ರೋಟೀನ್ ತಿಂದವರು 3.5 ಕಿಲೋ ಕೊಬ್ಬು ಕಳೆದು ಸ್ನಾಯುವನ್ನು ಇದ್ದ ಹಾಗೇ ಉಳಿಸಿಕೊಂಡರು. 2.4 ಗ್ರಾಂ ತಿಂದವರು 4.8 ಕಿಲೋ ಕೊಬ್ಬು ಕಳೆದು 1.2 ಕಿಲೋ ಕೊಬ್ಬಲ್ಲದ ತೂಕ ಗಳಿಸಿದರು. ಅದು ಇಪ್ಪತ್ತರ ಹರೆಯದವರ, ಕಾವಲಿಟ್ಟು ಮಾಡಿಸಿದ ವ್ಯಾಯಾಮದ ಫಲ. ನೀವು ಅದರ ಅರ್ಧ ವೇಗವನ್ನೂ ನಿರೀಕ್ಷಿಸಬೇಡಿ. ಟ್ರೇನರಿಗೆ ಮಾತ್ರ ಒಮ್ಮೆ ಹೇಳಿ: ಕಾರ್ಡಿಯೋವೂ ಇತ್ತು, ಊಟವೂ ಕಡಿಮೆ ಇತ್ತು, ಮಸಲ್ ಕರಗಲಿಲ್ಲ.

ನಿದ್ದೆ ಬಗ್ಗೆ ನೀವು ಏನೂ ಬರೆದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗುವವರಲ್ಲಿ ಬಹಳ ಜನ ಮಲಗುವುದು ಹನ್ನೊಂದೂವರೆಗೆ. ಷಿಕಾಗೋದಲ್ಲಿ 2010ರಲ್ಲಿ ಹತ್ತೇ ಜನರ ಮೇಲೆ ಮಾಡಿದ ಪುಟ್ಟ ಪ್ರಯೋಗದಲ್ಲಿ, ಒಂದೇ ಬಗೆಯ ಪಥ್ಯ, ಇಳಿದ ತೂಕವೂ ಹೆಚ್ಚುಕಡಿಮೆ ಒಂದೇ. ಆದರೆ ಎಂಟೂವರೆ ಗಂಟೆ ಮಲಗಲು ಬಿಟ್ಟಾಗ ಎರಡು ವಾರದಲ್ಲಿ 1.4 ಕಿಲೋ ಕೊಬ್ಬು ಹೋಯಿತು, ಐದೂವರೆ ಗಂಟೆಯಷ್ಟೇ ಮಲಗಲು ಬಿಟ್ಟಾಗ 0.6 ಕಿಲೋ. ಉಳಿದದ್ದು ಸ್ನಾಯುವಿನ ಕಡೆಯಿಂದ ಹೋಯಿತು. ಹತ್ತು ಗಂಟೆಗೆ ಮೊಬೈಲ್ ಇನ್ನೊಂದು ಕೋಣೆಯಲ್ಲಿಡಿ.

ಮನೆಯವರಿಗೂ ಇದೇ ವ್ಯಾಯಾಮ, ಇದೇ ಸೆಟ್ಟು, ಇದೇ ಉಸಲಿ. ಗಂಡಸಿನ ಹಾಗೆ ಸ್ನಾಯು ಉಬ್ಬಲು ಗಂಡಸಿನಷ್ಟು ಟೆಸ್ಟೋಸ್ಟೆರಾನ್ ಬೇಕು. ಹೆಂಗಸರಲ್ಲಿ ಅದು ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ವರ್ಷಗಟ್ಟಲೆ ಅದನ್ನೇ ವ್ರತ ಮಾಡಿಕೊಂಡ ಹೆಂಗಸರೂ ಅಷ್ಟು ಸುಲಭಕ್ಕೆ ಹಾಗಾಗುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನ ಆಚೆ ಮೂಳೆ ಸವೆಯುವುದು ಹೆಂಗಸರಿಗೇ ಹೆಚ್ಚು, ಆದ್ದರಿಂದ ಭಾರ ಎತ್ತಬೇಕಾದ ತುರ್ತು ನಿಮಗಿಂತ ಅವರಿಗೇ ಜಾಸ್ತಿ. ಜಿಮ್ಮಿಗೆ ಬರಲು ಸಂಕೋಚವಾದರೆ ಮನೆಯಲ್ಲಿ ಐದು ಕಿಲೋದ ಎರಡು ಡಂಬೆಲ್, ಒಂದು ಗಟ್ಟಿ ಕುರ್ಚಿ ಇದ್ದರೆ ಆರು ತಿಂಗಳಿಗೆ ಸಾಕು.

ಅಳೆಯುವುದು ಹೇಗೆ? ಜಿಮ್ಮಿನಲ್ಲಿ ಹಿಡಿಕೆ ಹಿಡಿಸಿ ಕೊಬ್ಬಿನ ಶೇಕಡಾವಾರು ಚೀಟಿ ಕೊಡುವ ಯಂತ್ರವನ್ನು ಪೂರ್ತಿ ನಂಬಬೇಡಿ. ಅದು ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ನೀರನ್ನು ಅಂದಾಜು ಮಾಡುತ್ತದೆ. ಎರಡು ಲೋಟ ನೀರು ಕುಡಿದರೂ, ಬೆವರಿದರೂ ಅಂಕಿ ಅಲುಗುತ್ತದೆ. ದರ್ಜಿಯ ಟೇಪು ಅದಕ್ಕಿಂತ ಪ್ರಾಮಾಣಿಕ. ವಾರಕ್ಕೊಮ್ಮೆ, ಬೆಳಿಗ್ಗೆ ಹೊಟ್ಟೆ ಖಾಲಿ ಇದ್ದಾಗ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ. ಮೊದಲ ಗುರಿ 90, ಆಮೇಲೆ ನಿಮ್ಮ ಎತ್ತರದ ಅರ್ಧ, ಅಂದರೆ 85. ತಕ್ಕಡಿ ಮೊದಲ ಮೂರು ವಾರ ಒಂದು ಕಿಲೋ ಏರಬಹುದು. ಹೊಸದಾಗಿ ದುಡಿಯುವ ಸ್ನಾಯು ನೀರು ತುಂಬಿಕೊಳ್ಳುತ್ತದೆ, ಹೆದರಬೇಡಿ. ಹೆದರಿ ಆ ರಾತ್ರಿ ಊಟ ಬಿಡಬೇಡಿ.

ಎಚ್‌ಬಿಎ1ಸಿ ಮಾತ್ರ ಮುಂದಿನ ತಿಂಗಳೇ ಮಾಡಿಸಲು ಹೋಗಬೇಡಿ. ಆ ಪರೀಕ್ಷೆ ಓದುವುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು. ಒಂದು ಕಣ ಸುಮಾರು 120 ದಿನ ಬದುಕುತ್ತದೆ, ಹಳೆಯ ಕಣಗಳು ಹಳೆಯ ಕತೆಯನ್ನೇ ಹೇಳುತ್ತಿರುತ್ತವೆ. ಮೂರು ತಿಂಗಳು ಮುಗಿಸಿ, ನೋಟ್‌ಬುಕ್ಕಿನ ಮೊದಲ ಪುಟ, ಕೊನೆಯ ಪುಟ, ಟೇಪಿನ ಅಂಕಿ ಮತ್ತು ಹೊಸ ರಿಪೋರ್ಟು ಇಟ್ಟುಕೊಂಡು ಇನ್ನೊಮ್ಮೆ ಬರೆಯಿರಿ. ತೋಳಿನ ಅಳತೆಯನ್ನೂ ಬರೆಯಿರಿ.